ಹೆಸರಿನ ತುಣುಕಿನಿಂದ ಕಾಲಮ್ ಹುಡುಕುವ ಕೆಲಸಕ್ಕೆ ಡಿಬೀವರ್: ಶಿವಮೊಗ್ಗದ ಅಡಿಕೆ ಸಂಘದಿಂದ ಒಂದು ವಿಮರ್ಶೆ

ಡೇಟಾಬೇಸ್‌ಗಳನ್ನು ತೆರೆದು ನೋಡಲು ಬಳಸುವ ಡಿಬೀವರ್ ತಂತ್ರಾಂಶದ ಉಚಿತ ಆವೃತ್ತಿಯನ್ನು ಇಲ್ಲಿ ಒಂದೇ ಕೆಲಸದ ಮಟ್ಟಿಗೆ ಪರಿಶೀಲಿಸಿದ್ದೇನೆ. ಪೂರ್ತಿ ಹೆಸರು ಗೊತ್ತಿಲ್ಲದ ಕಾಲಮ್ ಒಂದನ್ನು, ಹೆಸರಿನ ಒಂದು ತುಣುಕನ್ನಷ್ಟೇ ಹಿಡಿದು, ನೂರಾರು ಟೇಬಲ್‌ಗಳ ನಡುವಿನಿಂದ ಹೊರತೆಗೆಯುವುದು ಆ ಕೆಲಸ. ಕೇಳುವುದಕ್ಕೆ ಸಣ್ಣದೆನಿಸಿದರೂ, ಬೇರೆಯವರು ಬರೆದು ಬಿಟ್ಟುಹೋದ ತಂತ್ರಾಂಶದಿಂದ ವರದಿ ತೆಗೆದುಕೊಡಬೇಕಾದವರಿಗೆ ದಿನದ ಬಹುಪಾಲು ಹೊತ್ತು ಹೋಗುವುದು ಇದರಲ್ಲಿಯೇ.

ನಾನು ಕೆಲಸ ಮಾಡುವುದು ಶಿವಮೊಗ್ಗದಲ್ಲಿ, ಅಡಿಕೆ ವಹಿವಾಟಿನ ಸಹಕಾರ ಸಂಘವೊಂದರ ಲೆಕ್ಕಪತ್ರ ವಿಭಾಗದಲ್ಲಿ. ಬೆಳೆಗಾರರು ತಂದ ಮೂಟೆಗಳ ತೂಕ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿದ ಲಾಟುಗಳು, ಟೆಂಡರಿನಲ್ಲಿ ಬಂದ ದರ, ಹಮಾಲಿ, ಕಮಿಷನ್, ಮುಂಗಡದ ಕಡಿತ, ಕೊನೆಗೆ ಬೆಳೆಗಾರರ ಕೈಗೆ ಹೋಗುವ ಪಟ್ಟಿ, ಇಷ್ಟೂ ಒಂದು ಮಂಡಿ ತಂತ್ರಾಂಶದಲ್ಲಿ ದಾಖಲಾಗುತ್ತವೆ. ಅದರ ಹಿಂದಿರುವುದು ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್. ಗೋದಾಮಿನ ದಾಸ್ತಾನು ಎಸ್‌ಕ್ಯುಎಲ್ ಸರ್ವರ್‌ನಲ್ಲಿದೆ, ಸದಸ್ಯರ ಮೊಬೈಲ್ ಆ್ಯಪ್ ಪೋಸ್ಟ್‌ಗ್ರೆಸ್ ಮೇಲೆ ನಡೆಯುತ್ತದೆ. ಮೂರನ್ನೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದುಕೊಟ್ಟಿದ್ದು, ಯಾವ ಟೇಬಲ್‌ನಲ್ಲಿ ಏನಿದೆ ಎಂಬ ವಿವರಪಟ್ಟಿಯನ್ನು ಒಬ್ಬರೂ ಕೊಟ್ಟಿಲ್ಲ. ‘ಗೊರಬಲಿನ ಕಡಿತ ಎಲ್ಲಿ ಹಿಡಿದಿದಾರೆ, ಸ್ವಲ್ಪ ನೋಡಿ ಹೇಳಿ ಮಾರಾಯ್ರೆ’ ಎಂದು ವ್ಯವಸ್ಥಾಪಕರು ಕೇಳಿದಾಗ, ಉತ್ತರ ಇರುವುದು ಯಾವುದೋ ಟೇಬಲ್‌ನ ಯಾವುದೋ ಕಾಲಮ್‌ನಲ್ಲಿ ಎಂಬುದಷ್ಟೇ ಆರಂಭದಲ್ಲಿ ನಮಗೆ ಗೊತ್ತಿರುತ್ತದೆ.

ಹುಡುಕಾಟ ಕಷ್ಟವಾಗುವುದು ಹೆಸರಿಟ್ಟಿರುವ ರೀತಿಯಿಂದ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಾಲಮ್‌ಗೆ ಹೆಸರಾಗಿ ಕೊಡುವುದು ನಮ್ಮಲ್ಲಿಯ ಮೂರೂ ತಂತ್ರಾಂಶಗಳಲ್ಲಿ ಕಾಣುತ್ತದೆ. ತೂಕವನ್ನು ಒಬ್ಬರು ಟಿ-ಯು-ಕೆ-ಎ ಎಂದು ಬರೆದಿದ್ದಾರೆ, ಇನ್ನೊಬ್ಬರು ಟಿ-ಓ-ಓ-ಕೆ-ಎ ಎಂದಿದ್ದಾರೆ, ಮತ್ತೊಬ್ಬರು ಟಿ ಆದ ಮೇಲೆ ಒಂದು ಎಚ್ ಸೇರಿಸಿದ್ದಾರೆ. ಅವರ ನಂತರ ಬಂದವರು ಕನ್ನಡವನ್ನೇ ಬಿಟ್ಟು ಇಂಗ್ಲಿಷಿನ ವೆಯ್ಟ್ ಅನ್ನು ಡಬ್ಲ್ಯು-ಟಿ ಎಂದು ಮೊಟಕುಗೊಳಿಸಿದ್ದಾರೆ. ಊರಿನ ಹೆಸರಿನಲ್ಲಿಯೂ ಇದೇ ತೊಡಕಿದೆ. ಇಂಗ್ಲಿಷಿನಲ್ಲಿ ಶಿಮೊಗ ಎಂದಿದ್ದುದು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗ ಎಂದಾಯಿತು. ಬೋರ್ಡುಗಳು, ಲೆಟರ್‌ಹೆಡ್‌ಗಳು ಬದಲಾದವು, ಆದರೆ ಹಳೆಯ ಕಾಲಮ್‌ಗಳ ಹೆಸರನ್ನು ಯಾರೂ ಮುಟ್ಟಲಿಲ್ಲ. ಮುಟ್ಟದಿದ್ದುದೇ ಸರಿ, ಏಕೆಂದರೆ ಅವುಗಳನ್ನು ನೆಚ್ಚಿಕೊಂಡಿರುವ ವರದಿಗಳು ಒಂದೇ ಏಟಿಗೆ ನಿಂತುಹೋಗುತ್ತಿದ್ದವು. ಈಗ ಹಳೆಯ ಟೇಬಲ್‌ನಲ್ಲಿ ಹಳೆಯ ಹೆಸರು, ಹೊಸ ಟೇಬಲ್‌ನಲ್ಲಿ ಹೊಸ ಹೆಸರು, ಕೆಲವೆಡೆ ಎಸ್-ಎಂ-ಜಿ ಎಂಬ ಮೂರೇ ಅಕ್ಷರ ಇವೆ. ಮೊದಲೆರಡರಲ್ಲಿಯೂ ಇರುವ ತುಣುಕು ಎಂ-ಓ-ಜಿ. ಆ ಮೂರಕ್ಷರವನ್ನು ಕೊಟ್ಟರೆ ಹಳೆಯದೂ ಹೊಸದೂ ಒಟ್ಟಿಗೆ ಸಿಗುತ್ತವೆ, ಎಸ್-ಎಂ-ಜಿಗೆ ಮಾತ್ರ ಬೇರೆಯಾಗಿ ಹುಡುಕಬೇಕು. ತುಣುಕನ್ನು ಆರಿಸುವುದರಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿ.

ಡಿಬೀವರ್ 2010ರಲ್ಲಿ ಹವ್ಯಾಸಕ್ಕೆಂದು ಆರಂಭವಾದ ಯೋಜನೆ. ಜಾವಾದಲ್ಲಿ ಬರೆದಿರುವ ಇದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಉಚಿತ ಆವೃತ್ತಿಯ ಮೂಲಸಂಕೇತ ಅಪಾಚೆ ಪರವಾನಗಿಯಡಿ ಮುಕ್ತವಾಗಿದೆ. ನಮ್ಮಂತಹ ಕಚೇರಿಗೆ ಇದು ಒಗ್ಗಲು ಕಾರಣವೆಂದರೆ, ಮೂರು ಬಗೆಯ ಡೇಟಾಬೇಸ್‌ಗಳನ್ನು ಒಂದೇ ಕಿಟಕಿಯಲ್ಲಿ ತೆರೆದಿಟ್ಟುಕೊಳ್ಳಬಹುದು ಮತ್ತು ಮೂರಕ್ಕೂ ಹುಡುಕುವ ಕ್ರಮ ಒಂದೇ.

ಎಡಗಡೆಯ ಪಟ್ಟಿಯ ನೆತ್ತಿಯಲ್ಲಿ ಹೆಸರಿನ ಭಾಗವನ್ನು ಬರೆಯಿರಿ ಎನ್ನುವ ಒಂದು ಚೌಕವಿದೆ. ಅದು ಟೇಬಲ್‌ಗಳನ್ನು ಸೋಸಲು ಚೆನ್ನಾಗಿದೆ, ಕಾಲಮ್ ಹುಡುಕಾಟಕ್ಕೆ ಅಲ್ಲಿ ಹೊತ್ತು ಕಳೆಯಬಾರದು. ನಮಗೆ ಬೇಕಾದುದು ಸರ್ಚ್ ಮೆನುವಿನಲ್ಲಿರುವ ಡಿಬಿ ಮೆಟಾಡೇಟಾ, ಎಂದರೆ ಟೇಬಲ್, ಕಾಲಮ್ ಮುಂತಾದವುಗಳ ಹೆಸರಿನ ಹುಡುಕಾಟ. ಅದನ್ನು ತೆರೆದು, ಯಾವ ಡೇಟಾಬೇಸ್‌ನಲ್ಲಿ ಹುಡುಕಬೇಕೆಂದು ಗುರುತು ಹಾಕಿ, ಯಾವ ಬಗೆಯ ವಸ್ತು ಬೇಕೆನ್ನುವ ಪಟ್ಟಿಯಲ್ಲಿ ಕಾಲಮ್ ಒಂದನ್ನೇ ಉಳಿಸಿ ಉಳಿದವನ್ನು ತೆಗೆದು, ತುಣುಕನ್ನು ಬರೆದು, ಆ ತುಣುಕು ಹೆಸರಿನ ಆರಂಭದಲ್ಲಿರಬೇಕೇ ಅಥವಾ ಎಲ್ಲಿದ್ದರೂ ಸರಿಯೇ ಎಂಬುದನ್ನು ಆರಿಸಿದರೆ, ಹೊಂದುವ ಕಾಲಮ್‌ಗಳೆಲ್ಲ ತಮ್ಮ ತಮ್ಮ ಟೇಬಲ್‌ಗಳ ಸಮೇತ ಕೆಳಗೆ ಬರುತ್ತವೆ. ಒಂದರ ಮೇಲೆ ಡಬಲ್ ಕ್ಲಿಕ್ ಮಾಡಿ ಅದನ್ನು ತೆರೆದು ನೋಡಬಹುದು. ಕಾಲಮ್‌ಗಳಿಗೆ ಬರೆದಿಟ್ಟ ಟಿಪ್ಪಣಿಗಳಲ್ಲಿಯೂ ಹುಡುಕುವ ಆಯ್ಕೆ ಅದೇ ಕಿಟಕಿಯಲ್ಲಿದೆ. ನಮ್ಮ ಹಳೆಯ ತಂತ್ರಾಂಶದಲ್ಲಿ ಟಿಪ್ಪಣಿ ಬರೆದವರೇ ಇಲ್ಲವಾದ್ದರಿಂದ ಅದರಿಂದ ನಮಗೆ ಪ್ರಯೋಜನವಾಗಿಲ್ಲ. ಟಿಪ್ಪಣಿ ಬರೆಯುವ ಒಳ್ಳೆಯ ಅಭ್ಯಾಸವಿರುವ ಕಚೇರಿಗೆ ಅದೊಂದೇ ಆಯ್ಕೆ ಸಾಕು.

ಇಲ್ಲಿಯವರೆಗಿನದನ್ನು ನಾನು ಮನಸ್ಸಿಟ್ಟು ಮೆಚ್ಚುತ್ತೇನೆ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಎಸ್‌ಕ್ಯುಎಲ್ ಭಾಷೆಯಲ್ಲಿ ಬರೆಯಲು ಬಾರದ ಗುಮಾಸ್ತರೊಬ್ಬರು ಇದನ್ನು ಒಂದೇ ಬಾರಿ ನೋಡಿ ಕಲಿತರು, ಈಗ ಸಣ್ಣ ವಿಷಯಗಳಿಗೆ ಅವರು ನನ್ನನ್ನು ಕೇಳುವುದಿಲ್ಲ.

ಆದರೆ ಈ ಕಿಟಕಿ ಉತ್ತರವನ್ನು ತೋರಿಸುವಷ್ಟೇ ಸಲೀಸಾಗಿ ಉತ್ತರದ ಮಿತಿಯನ್ನು ತೋರಿಸುವುದಿಲ್ಲ. ಗರಿಷ್ಠ ಎಷ್ಟು ಫಲಿತಾಂಶ ಬೇಕೆನ್ನುವ ಒಂದು ಸಂಖ್ಯೆ ಅಲ್ಲಿರುತ್ತದೆ. ತುಣುಕು ತೀರ ಚಿಕ್ಕದಾಗಿದ್ದರೆ ಪಟ್ಟಿ ಆ ಸಂಖ್ಯೆಗೆ ನಿಂತುಬಿಡುತ್ತದೆ, ಮುಂದಿನ ಕಾಲಮ್‌ಗಳು ಇಲ್ಲವೆಂದೇ ನೋಡಿದವರು ತಿಳಿಯುತ್ತಾರೆ. ಇದಕ್ಕಿಂತ ಗಂಭೀರವಾದುದು ಅನುಮತಿಯ ವಿಷಯ. ಮೈಎಸ್‌ಕ್ಯುಎಲ್‌ನಲ್ಲಿ ಕಾಲಮ್‌ಗಳ ಹೆಸರು ಸಿಗುವುದು ಇನ್ಫರ್ಮೇಶನ್ ಸ್ಕೀಮಾ ಎಂಬ ಒಳಪಟ್ಟಿಯಿಂದ, ಮತ್ತು ಆ ಪಟ್ಟಿ ಯಾವ ಬಳಕೆದಾರರು ಕೇಳುತ್ತಿದ್ದಾರೋ ಅವರಿಗೆ ಅನುಮತಿಯಿರುವ ಟೇಬಲ್‌ಗಳ ಕಾಲಮ್‌ಗಳನ್ನು ಮಾತ್ರ ಕೊಡುತ್ತದೆ. ವರದಿಗೆಂದು ಕೆಲವೇ ಟೇಬಲ್‌ಗಳ ಓದುವ ಅನುಮತಿ ಪಡೆದ ಬಳಕೆದಾರರಾಗಿ ಹುಡುಕಿದರೆ ಉಳಿದ ಟೇಬಲ್‌ಗಳಲ್ಲಿರುವ ಕಾಲಮ್‌ಗಳು ಕಾಣುವುದೇ ಇಲ್ಲ. ಅನುಮತಿ ಇಲ್ಲ ಎಂಬ ಸೂಚನೆಯೂ ಬರುವುದಿಲ್ಲ. ಹಮಾಲಿಯ ಕಾಲಮ್ ಈ ತಂತ್ರಾಂಶದಲ್ಲಿ ಇಲ್ಲವೇ ಇಲ್ಲ ಎಂದು ಆಡಳಿತ ಮಂಡಳಿಗೆ ಬರೆದುಕೊಡುವ ಮೊದಲು, ಶೋ ಗ್ರಾಂಟ್ಸ್ ಎಂಬ ಆದೇಶವನ್ನು ಕೊಟ್ಟು ತನಗೆ ಏನೇನು ನೋಡುವ ಅಧಿಕಾರವಿದೆ ಎಂಬುದನ್ನು ಓದಿಕೊಳ್ಳುವುದು ಅಗತ್ಯ.

ಈ ಕಾರಣಕ್ಕೆ, ಡಿಬೀವರ್ ಬಳಸುವವರು ಅದರ ಎಸ್‌ಕ್ಯುಎಲ್ ಎಡಿಟರಿನಲ್ಲಿ ತಮ್ಮದೇ ಕ್ವೆರಿಯೊಂದನ್ನು, ಎಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯೊಂದನ್ನು, ಬರೆದಿಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಅದು ಉದ್ದದ್ದೇನೂ ಅಲ್ಲ. ಇನ್ಫರ್ಮೇಶನ್ ಸ್ಕೀಮಾದ ಕಾಲಮ್ಸ್ ಎಂಬ ಪಟ್ಟಿಯಿಂದ ಟೇಬಲ್‌ನ ಹೆಸರು, ಕಾಲಮ್‌ನ ಹೆಸರು, ಅದರ ಡೇಟಾ ಟೈಪ್ ಈ ಮೂರನ್ನು ಸೆಲೆಕ್ಟ್ ಮಾಡಿ, ಸ್ಕೀಮಾದ (ಮೈಎಸ್‌ಕ್ಯುಎಲ್‌ನಲ್ಲಿ ಸ್ಕೀಮಾ ಎಂದರೆ ಡೇಟಾಬೇಸ್) ಹೆಸರು ನಮ್ಮ ಡೇಟಾಬೇಸ್‌ನದೇ ಆಗಿರಬೇಕೆಂದು ಷರತ್ತು ಹಾಕಿ, ಕಾಲಮ್‌ನ ಹೆಸರಿಗೆ ಲೈಕ್ ಎಂಬ ಹೋಲಿಕೆಯ ಪದ ಬಳಸಿ, ತುಣುಕಿನ ಹಿಂದೆ ಮುಂದೆ ಏನಿದ್ದರೂ ಸರಿ ಎನ್ನುವ ಶೇಕಡಾ ಚಿಹ್ನೆ ಇಟ್ಟರೆ ಮುಗಿಯಿತು. ಸ್ಕೀಮಾದ ಷರತ್ತನ್ನು ಬಿಟ್ಟರೆ ಮೈಎಸ್‌ಕ್ಯುಎಲ್ ಅದೇ ಸರ್ವರಿನಲ್ಲಿರುವ ಎಲ್ಲ ಡೇಟಾಬೇಸ್‌ಗಳ ಕಾಲಮ್‌ಗಳನ್ನೂ ತಂದು ಸುರಿಯುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಎಲ್ ಸರ್ವರ್ ಇದೇ ಹೆಸರಿನ ಪಟ್ಟಿಯನ್ನು ಕೊಟ್ಟರೂ, ಅಲ್ಲಿ ಕಾಣುವುದು ಆ ಹೊತ್ತಿಗೆ ಸಂಪರ್ಕದಲ್ಲಿರುವ ಒಂದೇ ಡೇಟಾಬೇಸ್‌ನದು. ಇನ್ನು ಈ ಪಟ್ಟಿಯಲ್ಲಿ ಟೇಬಲ್‌ಗಳ ಜೊತೆಗೆ ವ್ಯೂಗಳ, ಎಂದರೆ ಟೇಬಲ್‌ಗಳಿಂದ ಕ್ವೆರಿಯ ಮೂಲಕ ರೂಪಿಸಿಟ್ಟ ನೋಟಗಳ, ಕಾಲಮ್‌ಗಳೂ ಸೇರಿರುತ್ತವೆ. ಅದೇ ತೂಕದ ಕಾಲಮ್ ನಾಲ್ಕು ವ್ಯೂಗಳಲ್ಲಿ ಮರುಕಳಿಸಿ ಪಟ್ಟಿ ಉದ್ದವಾದಾಗ, ಟೇಬಲ್ಸ್ ಪಟ್ಟಿಯೊಂದಿಗೆ ಜಾಯಿನ್ ಮಾಡಿ (ಜೋಡಿಸಿ) ಬೇಸ್ ಟೇಬಲ್ ಎಂಬ ಬಗೆಯವನ್ನಷ್ಟೇ ಉಳಿಸಿಕೊಳ್ಳಬೇಕಾಗುತ್ತದೆ.

ಲೈಕ್ ಬಳಸುವಾಗ ಅಡಿಗೆರೆಯ (_) ಬಗ್ಗೆ ಎಚ್ಚರ ಬೇಕು, ಏಕೆಂದರೆ ಕಾಲಮ್‌ಗಳ ಹೆಸರಿನಲ್ಲಿ ಅಡಿಗೆರೆ ಇಲ್ಲದ ತಂತ್ರಾಂಶವೇ ಅಪರೂಪ, ಮತ್ತು ಲೈಕ್‌ನ ಲೆಕ್ಕದಲ್ಲಿ ಅಡಿಗೆರೆ ಎಂದರೆ ಯಾವುದಾದರೂ ಒಂದು ಅಕ್ಷರ. ಮಂಡಿ ತಂತ್ರಾಂಶದಲ್ಲಿ ದರದ ಕಾಲಮ್‌ಗಳು ಅಡಿಗೆರೆ, ಆರ್, ಟಿ ಎಂದು ಕೊನೆಗೊಳ್ಳುತ್ತವೆಂದು ತಿಳಿದು ಆ ಮೂರನ್ನೇ ತುಣುಕಾಗಿ ಕೊಟ್ಟರೆ, ಪಾರ್ಟಿ, ಸಾರ್ಟ್, ಸ್ಟಾರ್ಟ್ ಮುಂತಾದ ಇಂಗ್ಲಿಷ್ ಹೆಸರುಗಳೆಲ್ಲ ಬಂದು ಕೂರುತ್ತವೆ. ಅವುಗಳಲ್ಲಿಯೂ ಆರ್-ಟಿಯ ಹಿಂದೆ ಒಂದು ಅಕ್ಷರ ಇದ್ದೇ ಇದೆ. ನಿಜವಾದ ಅಡಿಗೆರೆಯೇ ಬೇಕಾದರೆ ಮೈಎಸ್‌ಕ್ಯುಎಲ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ಅದರ ಹಿಂದೆ \ ಚಿಹ್ನೆಯನ್ನು ಇಡಬೇಕು, ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಅದನ್ನು [_] ಎಂದು ಚೌಕ ಆವರಣದೊಳಗೆ ಬರೆಯಬೇಕು. ದೊಡ್ಡಕ್ಷರ, ಸಣ್ಣಕ್ಷರಗಳ ವಿಷಯದಲ್ಲಿಯೂ ಒಂದೊಂದರದು ಒಂದೊಂದು ರೀತಿ. ಮೈಎಸ್‌ಕ್ಯುಎಲ್ ಕಾಲಮ್ ಹೆಸರುಗಳಲ್ಲಿ ಆ ಭೇದ ನೋಡುವುದಿಲ್ಲ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಡೇಟಾಬೇಸ್‌ನ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಹೇಗಿದೆಯೋ ಹಾಗೆ. ಪೋಸ್ಟ್‌ಗ್ರೆಸ್ ಮಾತ್ರ ಕಟ್ಟುನಿಟ್ಟು: ಉದ್ಧರಣ ಚಿಹ್ನೆಯೊಳಗೆ ಬರೆದ ಹೆಸರನ್ನು ಇದ್ದಂತೆಯೇ ಇಟ್ಟುಕೊಂಡು, ಉಳಿದವನ್ನು ಸಣ್ಣಕ್ಷರಕ್ಕೆ ಇಳಿಸುತ್ತದೆ, ಲೈಕ್ ಕೂಡ ಭೇದ ಎಣಿಸುತ್ತದೆ. ಮೊಬೈಲ್ ಆ್ಯಪ್ ಬರೆದವರು ಹೆಸರಿನ ನಡುವೆ ದೊಡ್ಡಕ್ಷರ ಬಳಸಿರುವುದರಿಂದ ಅಲ್ಲಿ ನಾವು ಲೈಕ್ ಬಿಟ್ಟು ಐಲೈಕ್ ಬಳಸುತ್ತೇವೆ.

ತೂಕದ ನಾಲ್ಕು ಬಗೆಯ ಕಾಗುಣಿತಕ್ಕೆ ನಾಲ್ಕು ಸಲ ಲೈಕ್ ಬರೆಯುವುದಕ್ಕಿಂತ ಅಕ್ಷರಗಳ ಮಾದರಿಯನ್ನು ಹೇಳುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಮೇಲು. ಟಿ ಆದ ಮೇಲೆ ಎಚ್ ಇರಬಹುದು ಇಲ್ಲದಿರಬಹುದು, ಆಮೇಲೆ ಯು ಅಥವಾ ಎರಡು ಓ, ಅನಂತರ ಕೆ-ಎ, ಇಲ್ಲವಾದರೆ ಡಬ್ಲ್ಯು-ಟಿ ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಅದಕ್ಕೆ ರೆಜೆಕ್ಸ್‌ಪ್ ಎಂಬ ಪದವಿದೆ, ಪೋಸ್ಟ್‌ಗ್ರೆಸ್‌ನಲ್ಲಿ ~* ಎಂಬ ಚಿಹ್ನೆಯಿದೆ. ಮೆಟಾಡೇಟಾ ಕಿಟಕಿಯಲ್ಲಿ ಇದನ್ನು ಮಾಡುವ ದಾರಿ ನನಗೆ ಕಂಡಿಲ್ಲ, ಕನ್ನಡ ಪದಗಳನ್ನು ಮನಬಂದಂತೆ ಬರೆದಿರುವ ನಮ್ಮಂಥವರಿಗೆ ಇದು ದೊಡ್ಡ ಕೊರತೆಯೇ ಸರಿ.

ಕೆಲವು ಟೇಬಲ್‌ಗಳಲ್ಲಿ ಕಾಲಮ್‌ನ ಹೆಸರು ಕನ್ನಡ ಲಿಪಿಯಲ್ಲಿಯೇ ಇದೆ. ಎಕ್ಸೆಲ್ ಹಾಳೆಯಿಂದ ನೇರವಾಗಿ ಟೇಬಲ್ ಮಾಡಿದಾಗ ಶೀರ್ಷಿಕೆಗಳು ಹಾಗೆಯೇ ಒಳಗೆ ಬಂದಿವೆ. ಮೈಎಸ್‌ಕ್ಯುಎಲ್ ಅದನ್ನು ಒಪ್ಪುತ್ತದೆ, ಡಿಬೀವರ್ ಚೆನ್ನಾಗಿಯೇ ತೋರಿಸುತ್ತದೆ. ಆದರೆ ಹುಡುಕುವಾಗ ಒಂದು ಸೂಕ್ಷ್ಮವಿದೆ. ಗೊರಬಲು ಎಂಬುದರ ಮೊದಲಕ್ಷರದಲ್ಲಿರುವ ಒ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಮತ್ತು ಊ ಸ್ವರಚಿಹ್ನೆಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಲೈಕ್‌ಗೆ ಅವು ಬೇರೆ ಬೇರೆ. ಕಣ್ಣೆದುರಿಗೆ ಕಾಣುತ್ತಿರುವ ಕಾಲಮ್ ಹುಡುಕಾಟದಲ್ಲಿ ಸಿಗದಿದ್ದರೆ ಇದನ್ನು ಶಂಕಿಸಬೇಕು. ಆಗ ಪೂರ್ತಿ ಹೆಸರು ಕೊಡುವುದನ್ನು ಬಿಟ್ಟು ‘ರಬಲು’ ಎಂಬಷ್ಟನ್ನೇ ಕೊಟ್ಟರೆ ಎರಡೂ ಬಗೆಯವು ಸಿಗುತ್ತವೆ.

ಸ್ವಂತ ಕ್ವೆರಿಯ ಇನ್ನೊಂದು ಅನುಕೂಲವನ್ನು ಹೇಳಲೇಬೇಕು. ತೂಕದ ಕಾಲಮ್ ಇರುವ ಟೇಬಲ್‌ಗಳು ಬಹಳ, ದಿನಾಂಕದ ಕಾಲಮ್ ಇರುವವು ಇನ್ನೂ ಬಹಳ. ಎರಡೂ ಇರುವವು ಕೆಲವೇ, ಮತ್ತು ನಮಗೆ ಬೇಕಾದ ವಹಿವಾಟಿನ ಟೇಬಲ್ ಬಹುಮಟ್ಟಿಗೆ ಅವುಗಳಲ್ಲೊಂದು. ಟೇಬಲ್‌ನ ಹೆಸರಿನ ಮೇಲೆ ಗ್ರೂಪ್ ಬೈ ಮಾಡಿ (ಗುಂಪುಗೂಡಿಸಿ), ಮೊದಲ ತುಣುಕಿಗೆ ಹೊಂದುವ ಕಾಲಮ್ ಒಂದಾದರೂ ಇರಬೇಕು, ಎರಡನೆಯದಕ್ಕೆ ಹೊಂದುವುದೂ ಒಂದಾದರೂ ಇರಬೇಕು ಎಂದು ಹ್ಯಾವಿಂಗ್‌ನಲ್ಲಿ ಷರತ್ತು ಹಾಕಿದರೆ ಉದ್ದದ ಪಟ್ಟಿ ಒಮ್ಮೆಲೇ ಅಂಗೈಯಗಲಕ್ಕೆ ಬರುತ್ತದೆ. ನಮ್ಮಲ್ಲಿ ಇದರ ಬಳಕೆಯೇ ಈಗ ಹೆಚ್ಚು. ಡಿಬೀವರ್‌ನ ಎಡಿಟರಿನಲ್ಲಿ ತುಣುಕಿನ ಜಾಗದಲ್ಲಿ : ಚಿಹ್ನೆ ಇಟ್ಟು ಒಂದು ಹೆಸರು ಬರೆದಿದ್ದರೆ, ಕ್ವೆರಿ ನಡೆಸಿದಾಗಲೆಲ್ಲ ಅದೇ ಬಂದು ಏನು ಹುಡುಕಬೇಕೆಂದು ಕೇಳುತ್ತದೆ. ಕ್ವೆರಿಯನ್ನು ತಿದ್ದಲು ಬಾರದವರ ಕೈಗೂ ಇದನ್ನು ಧೈರ್ಯವಾಗಿ ಕೊಡಬಹುದು.

ಹೆಸರು ಸಿಕ್ಕಿತೆಂದರೆ ಕಾಲಮ್ ಸಿಕ್ಕಿತೆಂದು ಅರ್ಥವಲ್ಲ. ಒಂದೇ ಟೇಬಲ್‌ನಲ್ಲಿ ನಿವ್ವಳ ತೂಕವೆಂದು ಹೇಳಬಹುದಾದ ಎರಡು ಮೂರು ಕಾಲಮ್‌ಗಳಿದ್ದು, ಬಳಕೆಯಲ್ಲಿರುವುದು ಒಂದೇ ಆಗಿರುತ್ತದೆ. ಕೌಂಟ್‌ನ ಆವರಣದಲ್ಲಿ ಕಾಲಮ್‌ನ ಹೆಸರು ಕೊಟ್ಟರೆ ಅದು ನಲ್ ಇರುವ, ಎಂದರೆ ಏನನ್ನೂ ತುಂಬದೆ ಬಿಟ್ಟ, ಸಾಲುಗಳನ್ನು ಎಣಿಸುವುದಿಲ್ಲ, ಆದ್ದರಿಂದ ಯಾವುದು ತುಂಬಿದೆ ಎಂಬುದು ತಕ್ಷಣ ತಿಳಿಯುತ್ತದೆ. ಆ ಕಾಲಮ್ ತುಂಬಿರುವ ಸಾಲುಗಳ ಪೈಕಿ ಕೊನೆಯ ದಿನಾಂಕ ಯಾವುದೆಂದು ನೋಡಿದರೆ ಅದು ಇಂದಿಗೂ ಬಳಕೆಯಲ್ಲಿದೆಯೋ, ಹಿಂದೆಂದೋ ನಿಂತುಹೋಗಿದೆಯೋ ಎಂಬುದೂ ಗೊತ್ತಾಗುತ್ತದೆ. ಟೇಬಲ್ಸ್ ಪಟ್ಟಿಯಲ್ಲಿ ಕಾಣುವ ಸಾಲುಗಳ ಸಂಖ್ಯೆಯನ್ನು ಇದಕ್ಕೆ ನಂಬಬಾರದು. ಮೈಎಸ್‌ಕ್ಯುಎಲ್‌ನ ಸಾಮಾನ್ಯ ಬಗೆಯಾದ ಇನ್ನೊಡಿಬಿ ಟೇಬಲ್‌ಗಳಿಗೆ ಅದು ಅಂದಾಜು ಮಾತ್ರ, 8.0 ಆವೃತ್ತಿಯಲ್ಲಿ ಆ ಅಂದಾಜೂ 24 ಗಂಟೆಯಷ್ಟು ಹಳೆಯದಾಗಿರಬಹುದು.

ಡಿಬೀವರ್‌ನ ಇದೇ ಸರ್ಚ್ ಕಿಟಕಿಯಲ್ಲಿ ಡಿಬಿ ಫುಲ್ ಟೆಕ್ಸ್ಟ್ ಎಂಬ ಇನ್ನೊಂದು ಹಾಳೆಯಿದೆ. ಅದು ಹೆಸರುಗಳನ್ನು ಬಿಟ್ಟು ಟೇಬಲ್‌ಗಳೊಳಗಿನ ದತ್ತಾಂಶವನ್ನೇ ಜಾಲಾಡುತ್ತದೆ. ದೊಡ್ಡ ಟೇಬಲ್‌ಗಳ ಮೇಲೆ ಅದು ಸರ್ವರಿಗೆ ಭಾರವಾಗುವುದರಿಂದ, ಟೆಂಡರ್ ನಡೆಯುವ ಹೊತ್ತಿನಲ್ಲಿ ಅದನ್ನು ಮುಟ್ಟಬಾರದೆಂದು ನಮ್ಮಲ್ಲಿ ಎಲ್ಲರಿಗೂ ಹೇಳಿದ್ದೇವೆ.

ಬೇರೆ ಉಪಕರಣಗಳನ್ನೂ ನೋಡಿದ್ದೇನೆ. ಪಿಜಿ ಅಡ್ಮಿನ್ 4ರಲ್ಲಿ ಸರ್ಚ್ ಆಬ್ಜೆಕ್ಟ್ಸ್ ಇದೆ, ಪೋಸ್ಟ್‌ಗ್ರೆಸ್ ಒಂದೇ ಇರುವವರಿಗೆ ಅದು ಸಾಕು. ಮೈಎಸ್‌ಕ್ಯುಎಲ್ ವರ್ಕ್‌ಬೆಂಚ್‌ನ ಹುಡುಕಾಟ ದತ್ತಾಂಶಕ್ಕೆ ಸಂಬಂಧಿಸಿದ್ದು, ಕಾಲಮ್ ಹೆಸರಿಗೆ ಕ್ವೆರಿ ಬರೆಯುವುದೇ ದಾರಿ. ಎಸ್‌ಕ್ಯುಎಲ್ ಸರ್ವರ್‌ನ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಬಳಸುವವರಿಗೆ ರೆಡ್‌ಗೇಟ್‌ನವರ ಎಸ್‌ಕ್ಯುಎಲ್ ಸರ್ಚ್ ಎಂಬ ಉಚಿತ ಸೇರ್ಪಡೆ ಇದೆ; ಅದು ಪ್ರೊಸೀಜರ್‌ಗಳ ಒಳಗಿನ ಬರಹವನ್ನೂ ಹುಡುಕುತ್ತದೆ. ಮೂರೂ ಬಗೆಯವನ್ನು ಒಟ್ಟಿಗೆ ನೋಡಬೇಕಾದ ಕಚೇರಿಗೆ ಇವುಗಳಲ್ಲಿ ಯಾವುದೂ ಡಿಬೀವರ್‌ಗೆ ಬದಲಿಯಲ್ಲ.

ಮಲೆನಾಡಿನ ಶಾಖೆಗಳಲ್ಲಿ ಇದನ್ನು ಹಾಕಿಕೊಳ್ಳುವವರಿಗೆ ಒಂದು ಮಾತು. ಹೊಸ ಬಗೆಯ ಡೇಟಾಬೇಸ್‌ಗೆ ಮೊದಲ ಬಾರಿ ಸಂಪರ್ಕ ಮಾಡುವಾಗ ಡಿಬೀವರ್ ಅದರ ಡ್ರೈವರನ್ನು (ಆ ಡೇಟಾಬೇಸ್‌ನೊಂದಿಗೆ ಸಂಪರ್ಕ ಕಲ್ಪಿಸುವ ಕಡತವನ್ನು) ಇಂಟರ್ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಹೊಸನಗರ, ತೀರ್ಥಹಳ್ಳಿಯ ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಕೈಕೊಟ್ಟ ದಿನ ಈ ಹಂತದಲ್ಲಿಯೇ ಕೆಲಸ ನಿಂತುಬಿಡುತ್ತದೆ. ಡ್ರೈವರಿನ ಜಾರ್ ಕಡತವನ್ನು ಶಿವಮೊಗ್ಗದಲ್ಲಿಯೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ಡ್ರೈವರ್ ಸೆಟ್ಟಿಂಗಿನ ಲೈಬ್ರರೀಸ್ ಹಾಳೆಯಲ್ಲಿ ಕೈಯಿಂದ ಸೇರಿಸಿದರೆ ಇಳಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಜಾವಾದ ತಂತ್ರಾಂಶವಾದ್ದರಿಂದ ಹಳೆಯ, ಕಡಿಮೆ ಮೆಮೊರಿಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಎಡಗಡೆಯ ಪಟ್ಟಿ ಒಮ್ಮೆ ಓದಿದ್ದನ್ನೇ ನೆನಪಿಟ್ಟುಕೊಳ್ಳುವುದರಿಂದ, ತಂತ್ರಾಂಶದವರು ಹೊಸ ಕಾಲಮ್ ಸೇರಿಸಿದ ಮರುದಿನ ಎಫ್5 ಒತ್ತಿ ತಾಜಾ ಮಾಡಿಕೊಳ್ಳಬೇಕು.

ಹಣ ಕೊಟ್ಟು ಕೊಳ್ಳುವ ಆವೃತ್ತಿಗಳೂ ಇವೆ, ಮಾಂಗೋಡಿಬಿಯಂತಹ ಬೇರೆ ಬಗೆಯ ಡೇಟಾಬೇಸ್‌ಗಳ ಬೆಂಬಲ ಸಿಗುವುದು ಅವುಗಳಲ್ಲಿ. ನಾನು ಇಲ್ಲಿ ಹೇಳಿದ ಹುಡುಕಾಟಕ್ಕೆ, ಕಿಟಕಿಯಿಂದ ಮಾಡಿದರೂ ಕ್ವೆರಿ ಬರೆದು ಮಾಡಿದರೂ, ಉಚಿತ ಆವೃತ್ತಿಯೇ ಸಾಲುತ್ತದೆ. ಸಹಕಾರ ಸಂಘಗಳು ಇದಕ್ಕಾಗಿ ಬಜೆಟ್ ತೆಗೆದಿಡುವ ಅಗತ್ಯವಿಲ್ಲ.